ಹುಲ್ಲುಹಕ್ಕಿಗೆ ಮೈಕ್ ಹಿಡಿದ ನಾಲ್ಕು ದಿನ

ಮದುವೆಯ ಸೀಸನ್ ಮುಗಿಯುತ್ತ ಬಂದಿತ್ತು. ಕಾಪು ಪೇಟೆಯ ನನ್ನ ಮೈಕ್ ಸೆಟ್ ಅಂಗಡಿಯಲ್ಲಿ, ಯಾರದೋ ಮನೆಯ ಅತಿ ಉತ್ಸಾಹಕ್ಕೆ ಸುಟ್ಟುಹೋದ ಆಂಪ್ಲಿಫೈಯರ್ ಒಂದನ್ನು ಬಿಚ್ಚಿ ಹರಡಿಕೊಂಡು ಕೂತಿದ್ದೆ. ಉಡುಪಿ ಬೇರೆ ಜಿಲ್ಲೆಯಾಗಿ ಒಂದೆರಡು ವರ್ಷವಾಗಿದ್ದ ಕಾಲ ಅದು. ಮೇ ತಿಂಗಳ ಸೆಕೆಗೆ ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು. ಆಗ ಕಾರ್ಕಳದ ಮಾಸ್ಟ್ರು ಒಳಗೆ ಬಂದು, ಸ್ಟೂಲನ್ನು ನನ್ನ ಎದುರಿಗೇ ಎಳೆದುಕೊಂಡು, ನನ್ನ ತುಟಿಗಳನ್ನೇ ನೋಡುತ್ತ ಕೂತರು.

ಅವರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಇಗರ್ಜಿಯ ಗಾಯನ ಮಂಡಳಿಯಲ್ಲಿ ಪಿಟೀಲು ನುಡಿಸುತ್ತಿದ್ದರು. ಹಬ್ಬಕ್ಕೆ ಆ ಚರ್ಚಿನಲ್ಲಿ ಸೆಟ್ ಕಟ್ಟಲು ಹೋದಾಗಲೆಲ್ಲ ನನಗೆ ಅವರಿಂದ ಬೈಗುಳ ತಪ್ಪಿದ್ದಲ್ಲ. "ನೀನು ಸೌಂಡ್ ಕೊಡುವುದಲ್ಲ ಮಾರಾಯ, ಸೌಂಡಿನಲ್ಲಿ ಹೊಡೆಯುವುದು" ಎನ್ನುತ್ತಿದ್ದರು. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಇನ್ನಂಜೆಯಲ್ಲಿ ನನ್ನ ಸೆಟ್ ಹಾಕಿದರೆ ಕಾಪುವಿನ ಕಡಲತಡಿಯವರೆಗೆ ಕೇಳುತ್ತದೆ ಎಂದು ಹೇಳಿಕೊಂಡು ತಿರುಗುತ್ತಿದ್ದವನು ನಾನು.

"ನನಗೆ ಒಂದು ಹಕ್ಕಿಯ ಸ್ವರ ಬೇಕು" ಎಂದರು ಮಾಸ್ಟ್ರು.

ಮಳೆಗಾಲ ಶುರುವಾಗುವ ಮೊದಲು ಪ್ರತಿ ವರ್ಷ ಅವರು ಕಾರ್ಕಳದ ಮೇಲಿನ ಘಟ್ಟ ಹತ್ತಿ, ಕಾಡು ದಾಟಿ, ಹುಲ್ಲಿನ ಬೋಳು ಬೆಟ್ಟಗಳಲ್ಲಿ ನಾಲ್ಕು ದಿನ ಕಳೆದು ಬರುತ್ತಿದ್ದರು. ಅಲ್ಲಿನ ಕಾಟಿ ಎಂಬ ಕಾಡುಕೋಣ, ಕಡವೆ, ಹಕ್ಕಿಗಳನ್ನು ನೋಡುವುದು, ನೋಟ್ ಬುಕ್ಕಿನಲ್ಲಿ ಬರೆಯುವುದು, ಇಷ್ಟೇ ಕೆಲಸ. ಆ ಬೆಟ್ಟದಲ್ಲಿ ಗುಬ್ಬಿಗಿಂತ ಸ್ವಲ್ಪ ದೊಡ್ಡದಾದ, ಅಗಲ ಬಾಲದ, ಕಂದು ಬಣ್ಣದ ಒಂದು ಹುಲ್ಲುಹಕ್ಕಿ ಉಂಟಂತೆ. ವರ್ಷವಿಡೀ ಹುಲ್ಲಿನೊಳಗೆ ಅಡಗಿ ಕೂತಿರುತ್ತದೆ. ಮೋಡ ಕಟ್ಟಿತೆಂದರೆ ಗಂಡು ಹಕ್ಕಿ ನೆಟ್ಟಗೆ ಮೇಲಕ್ಕೆ ಹಾರಿ, ಗಾಳಿಯಲ್ಲೇ ನಿಂತು ಹಾಡಿ, ಕಲ್ಲು ಬಿದ್ದ ಹಾಗೆ ಹುಲ್ಲಿಗೆ ಬೀಳುತ್ತದೆ.

"ಹೋದ ವರ್ಷ ಹೋದಾಗ ಹಕ್ಕಿ ಮೇಲೆ ಹೋಯಿತು, ಬಾಲ ಬಿಡಿಸಿತು, ಕೊಕ್ಕು ತೆರೆಯಿತು. ಶಬ್ದ ಇಲ್ಲ. ಇದು ಎಂತ, ಮೂಕ ಹಕ್ಕಿಯಾ ಅಂತ ಜೊತೆಯಲ್ಲಿದ್ದವನ ಹತ್ತಿರ ಕೇಳಿದೆ. ಹಾಡ್ತಾ ಉಂಟಲ್ಲ ಮಾಸ್ಟ್ರೇ, ಅಂದ ಅವನು."

ಮಣಿಪಾಲದಲ್ಲಿ ಡಾಕ್ಟರು ಕಿವಿಗೆ ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿ, ಒಂದು ಹಾಳೆಯಲ್ಲಿ ಗೆರೆ ಎಳೆದು ಕೊಟ್ಟಿದ್ದರು. ಮಾಸ್ಟ್ರು ಅದನ್ನು ಜೇಬಿನಿಂದ ತೆಗೆದು ನನ್ನ ಸುಟ್ಟ ಆಂಪ್ಲಿಫೈಯರಿನ ಮೇಲೆಯೇ ಬಿಡಿಸಿಟ್ಟರು. ಗೆರೆ ಸ್ವಲ್ಪ ದೂರ ಸಮತಟ್ಟಾಗಿ ಹೋಗಿ, ಆಮೇಲೆ ದಬಕ್ಕನೆ ಕೆಳಗೆ ಬಿದ್ದಿತ್ತು. ತಗ್ಗಿನ ಸ್ವರ ಕೇಳುತ್ತದೆ, ಎತ್ತರದ್ದು ಹೋಯಿತು, ಇನ್ನು ಬರುವುದಿಲ್ಲ ಎಂದು ಅದರ ಅರ್ಥ. ಕಿವಿಗೆ ಹಾಕುವ ಮಿಷನ್ ಜನರ ಮಾತಿಗೆ ಆಗುತ್ತಿತ್ತು, ಹಕ್ಕಿಗೆ ಆಗುತ್ತಿರಲಿಲ್ಲ.

"ಅದರ ಹಾಡು ತಲೆಯಲ್ಲಿ ಉಂಟು ಅಂತ ಧೈರ್ಯದಲ್ಲಿದ್ದೆ. ಮೊನ್ನೆ ಪಿಟೀಲಿನಲ್ಲಿ ಹುಡುಕಿದೆ. ಸಿಗಲಿಲ್ಲ. ಅಳಿಸಿ ಹೋಗಿದೆ ಮಾರಾಯ. ಇನ್ನೊಂದು ಸಲ ಕೇಳಿದರೆ ಸಾಕು ನನಗೆ."

ನಾನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ. ಆದರೆ ನನ್ನ ಬಾಯಿ ಸುಮ್ಮನಿರಬೇಕಲ್ಲ. "ಅಷ್ಟೇ ಅಲ್ವಾ ಮಾಸ್ಟ್ರೇ? ರೆಕಾರ್ಡ್ ಮಾಡುವ, ಸೌಂಡ್ ಜಾಸ್ತಿ ಇಟ್ಟು ಕೊಡುವ. ಕೇಳದೆ ಎಲ್ಲಿ ಹೋಗ್ತದೆ? ಅದೇ ನನ್ನ ಕೆಲಸ" ಎಂದುಬಿಟ್ಟೆ.

ಅವರು ಹೋದ ಮೇಲೆ ಕೂತು ಯೋಚಿಸಿದಾಗ ಬೆವರಿತು. ನನ್ನ ಮೈಕುಗಳೆಲ್ಲ ಭಾಷಣಕಾರರ ಬಾಯಿಯಿಂದ ಒಂದು ಗೇಣು ದೂರಕ್ಕೆ ಮಾಡಿದವು. ಆಕಾಶದಲ್ಲಿ ನಿಂತು ಹಾಡುವ ಗುಬ್ಬಿಯಷ್ಟು ಜೀವಿಯ ಎದುರು ಮೈಕ್ ಹಿಡಿಯುವುದು ಹೇಗೆ? ಎರಡು ದಿನ ಇದೇ ತಲೆಬಿಸಿಯಾಯಿತು. ಮೂರನೆಯ ದಿನ ಅಟ್ಟದ ಮೇಲಿದ್ದ ಹಳೆಯ ಅಲ್ಯೂಮಿನಿಯಂ ಹಾರ್ನ್ ಕಣ್ಣಿಗೆ ಬಿತ್ತು. ಊರಿಗೆ ಊರೇ ಕೇಳುವ ಹಾಗೆ ಕೂಗುತ್ತಿದ್ದ ಕೊಂಬು. ಹಿಂದಿನ ಸ್ಪೀಕರ್ ತುಂಡನ್ನು ಬಿಚ್ಚಿ, ಆ ತೂತಿನಲ್ಲಿ ಒಂದು ಸಣ್ಣ ಮೈಕನ್ನು ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿ ಕೂರಿಸಿದೆ. ಅಂಗಡಿಯ ಎದುರು ನಿಂತು ರಸ್ತೆಯ ಆಚೆ ದಡಕ್ಕೆ ಬಾಯಿ ಮಾಡಿ ಹಿಡಿದರೆ, ಹೋಟೆಲಿನಲ್ಲಿ ಚಾ ಕುಡಿಯುವವರು ನನ್ನ ಬಗ್ಗೆ ಆಡುತ್ತಿದ್ದ ಮಾತು ಸ್ಪಷ್ಟವಾಗಿ ಕೇಳಿತು. ಆ ಮಾತು ಇಲ್ಲಿ ಬೇಡ. ಉಪಾಯ ಫಲಿಸಿತ್ತು.

ಉಡುಪಿಗೆ ಹೋಗಿ ಹನ್ನೆರಡು ದೊಡ್ಡ ಸೆಲ್ಲು, ಎರಡು ಹೊಸ ಕ್ಯಾಸೆಟ್, ಒಂದು ಹೆಡ್‌ಫೋನ್ ತಂದೆ. ರೆಕಾರ್ಡರಿಗೆ ಒಮ್ಮೆಗೆ ಆರು ಸೆಲ್ ಬೇಕು. ಅಂದರೆ ಎರಡು ಸಲಕ್ಕಾಯಿತು. ಸ್ಕ್ರೂಡ್ರೈವರಿನ ಡಬ್ಬಿ ಭಾರವೆಂದು ಅಂಗಡಿಯಲ್ಲೇ ಬಿಟ್ಟೆ. ಹಾರ್ನನ್ನು ತೊಡೆಯ ಮೇಲಿಟ್ಟುಕೊಂಡು ಹಿರಿಯಡ್ಕದ ಮೇಲೆ ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಕೂತರೆ, ಕಂಡಕ್ಟರ್ "ಎಂತ ಮಾರಾಯ, ಚುನಾವಣೆಯಾ?" ಎಂದ. ಹಕ್ಕಿಯ ಹಾಡು ಹಿಡಿಯಲು ಎಂದೆ. ಅವನು ಮತ್ತೆ ನನ್ನ ಕಡೆ ಬರಲಿಲ್ಲ.

*

ಮರುದಿನ ಬೆಳಿಗ್ಗೆ ಘಟ್ಟದ ಬುಡದಲ್ಲಿ ನಮಗಾಗಿ ಕಾಯುತ್ತಿದ್ದವನು ಜೇನು ಕೀಳುವವನು, ಮಾಸ್ಟ್ರ ಜೊತೆ ಪ್ರತಿ ವರ್ಷ ಬೆಟ್ಟಕ್ಕೆ ಹೋಗುತ್ತಿದ್ದವನು. ಐವತ್ತು ದಾಟಿದ ತೆಳ್ಳಗಿನ ಮನುಷ್ಯ. ಕುಚ್ಚಲಕ್ಕಿ, ಒಣಸಿಗಡಿ ಚಟ್ನಿ, ಪಾತ್ರೆ ಎಲ್ಲವನ್ನೂ ಒಂದೇ ಗೋಣಿಯಲ್ಲಿ ಕಟ್ಟಿ ಹೆಗಲಿಗೇರಿಸಿದ್ದ. ಅರಣ್ಯ ಇಲಾಖೆಯವರು ಕೊಟ್ಟ ಚೀಟಿ ಮಾಸ್ಟ್ರ ಅಂಗಿಯ ಜೇಬಿನಲ್ಲಿತ್ತು.

ನನ್ನ ತಲೆಯ ಮೇಲಿನ ಹಾರ್ನ್ ನೋಡಿ ಜೇನಿನವನು ಕೇಳಿದ, "ಮೇಲೆ ಯಾರ ಮದುವೆ ಉಂಟು?"

"ಹಕ್ಕಿಯದ್ದು" ಎಂದೆ.

"ಹಾಗಾದರೆ ಊಟ ಜೋರಿರಬಹುದು" ಎಂದು ಅವನು ಮುಂದೆ ನಡೆದ.

ಕಾಡಿನೊಳಗೆ ಹಗಲೂ ಮುಸ್ಸಂಜೆಯ ಹಾಗಿತ್ತು. ನಾನು ಜೀವಮಾನವೆಲ್ಲ ಸದ್ದಿನ ನಡುವೆ ಬದುಕಿದವನು. ಮೌನ ಎಂದರೆ ನನ್ನ ಮಟ್ಟಿಗೆ ಕರೆಂಟು ಹೋದದ್ದು, ಯಾರೋ ಬೈಯಲು ಬರುತ್ತಿರುವುದು. ಇಲ್ಲಿನ ಮೌನ ಬೇರೆ ಥರ. ಎಲೆ ಬಿದ್ದದ್ದು ಕೇಳುತ್ತಿತ್ತು. ನನ್ನ ಎದೆ ಬಡಿಯುವುದು ಕೇಳುತ್ತಿತ್ತು. ಹಾರ್ನಿನ ಬಾಯಿಗೆ ಗಾಳಿ ಹೊಕ್ಕು ದೂರದಲ್ಲಿ ಯಾರೋ ಶಂಖ ಊದಿದ ಹಾಗೆ ಹೂಂ ಎನ್ನುತ್ತಿತ್ತು. ಮಧ್ಯಾಹ್ನ ಒಂದು ಮರದ ಮೇಲೆ ಬಿಳಿ ಕೇಸರದ ಸಿಂಗಳೀಕಗಳು ಕೂತಿದ್ದವು. ನಮ್ಮನ್ನು ನೋಡಿದವು, ಓಡಲಿಲ್ಲ. ಹಲಸು ತಿನ್ನುತ್ತ ನನ್ನ ಹಾರ್ನನ್ನು ಬಹಳ ಗಂಭೀರವಾಗಿ ಪರಿಶೀಲಿಸಿದವು. ಮಾಸ್ಟ್ರು ನಿಂತಲ್ಲೇ ನಿಂತು ಎಣಿಸಿ ಬರೆದುಕೊಂಡರು.

ಆ ದಿನ ತೊರೆಯ ಪಕ್ಕದ ಬಂಡೆಯ ಅಡಿಯಲ್ಲಿ ಮಲಗಿದೆವು. ಬೆಳಕು ಹರಿಯುವ ಹೊತ್ತಿಗೆ ಯಾರೋ ಶಿಳ್ಳೆ ಹಾಕುತ್ತ ಹೋಗುವುದು ಕೇಳಿ ಎಚ್ಚರವಾಯಿತು. ಕೆಲಸಕ್ಕೆ ಹೊರಟವನು ಬಾಯಿಗೆ ಬಂದ ರಾಗವನ್ನು ಅರ್ಧಕ್ಕೆ ಬಿಟ್ಟು, ಮತ್ತೆ ಹಿಡಿದು, ಮತ್ತೆ ಮರೆತ ಹಾಗೆ. ಇಷ್ಟು ಬೆಳಿಗ್ಗೆ ಇಲ್ಲಿ ಯಾರು ಬಂದರಪ್ಪ ಎಂದು ಎದ್ದು ನೋಡಿದರೆ ಮಾಸ್ಟ್ರು ಆಗಲೇ ಎದ್ದು ಕೂತಿದ್ದರು. ಎಡಗೈಯ ಬೆರಳುಗಳು ಮೊಣಕಾಲಿನ ಮೇಲೆ ಪಿಟೀಲಿನ ತಂತಿ ಒತ್ತಿದ ಹಾಗೆ ಆಡುತ್ತಿದ್ದವು.

"ಹಕ್ಕಿ ಅದು, ಮನುಷ್ಯ ಅಲ್ಲ" ಎಂದರು. "ಇದು ನನಗೆ ಕೇಳ್ತದೆ. ಇದರದ್ದು ತಗ್ಗಿನ ಸ್ವರ."

ಅವರ ಮುಖದಲ್ಲಿ ಅಷ್ಟು ಸಂತೋಷವಿತ್ತು. ಇದನ್ನೇ ರೆಕಾರ್ಡ್ ಮಾಡಿಕೊಂಡು ಮನೆಗೆ ಹೋಗುವ ಎಂದು ಹೇಳಬೇಕೆನಿಸಿತು.

*

ಎರಡನೆಯ ದಿನ ಹತ್ತು ಗಂಟೆಯ ಹೊತ್ತಿಗೆ ಕಾಡು ಮುಗಿದು ಹುಲ್ಲು ಶುರುವಾಯಿತು. ಮಂಜು ಬಂದು ಬೆಟ್ಟವನ್ನು ನುಂಗುವುದು, ಉಗುಳುವುದು. ಈಗ ಕಂಡ ಗುಡ್ಡ ಬೀಡಿ ಹಚ್ಚಿ ತಲೆ ಎತ್ತುವಷ್ಟರಲ್ಲಿ ಇಲ್ಲ. ನಾವು ಮೂವರೂ ಒಬ್ಬರ ಹಿಂದೆ ಒಬ್ಬರು ನಡೆದೆವು. ನಾನು ನಿದ್ದೆಯಲ್ಲೇ ನಡೆಯುತ್ತಿದ್ದೇನೋ ಎನಿಸುತ್ತಿತ್ತು. ಒಂದು ಸಲ ಮಂಜು ಹರಿದಾಗ ಎದುರಿನ ಇಳಿಜಾರಿನಲ್ಲಿ ಹನ್ನೊಂದು ಕಾಟಿಗಳು ಮಲಗಿ ಮೆಲುಕು ಹಾಕುತ್ತಿದ್ದವು, ಬಿಳಿ ಕಾಲುಚೀಲ ಹಾಕಿಕೊಂಡು.

ಆಗಲೇ ಹಕ್ಕಿ ಹಾರಿತು. ನಮ್ಮಿಂದ ಐವತ್ತು ಹೆಜ್ಜೆ ಇರಬಹುದು. ಹುಲ್ಲಿನಿಂದ ನೇರ ಮೇಲಕ್ಕೆ ಹೋಗಿ, ಬಾಲವನ್ನು ಬೀಸಣಿಗೆಯ ಹಾಗೆ ಬಿಡಿಸಿ ನಿಂತಿತು. ಹಾಡಿತು. ಸೂಜಿಯಷ್ಟು ಸಪೂರ ಸ್ವರ, ಮೇಲೆ ಹೋಗಿ ಅಲ್ಲೇ ನಡುಗಿ ಮೂರು ಮೆಟ್ಟಿಲು ಇಳಿದು ನಿಲ್ಲುವಂಥದ್ದು. ನಾನು ಮಾಸ್ಟ್ರ ಕಡೆ ತಿರುಗಿದೆ. ಅವರು ಹಕ್ಕಿಯನ್ನಲ್ಲ, ನನ್ನ ಮುಖವನ್ನು ನೋಡುತ್ತಿದ್ದರು.

"ಹಾಡ್ತಾ ಉಂಟಾ?"

"ಉಂಟು ಮಾಸ್ಟ್ರೇ."

ಸರಸರನೆ ಹಾರ್ನನ್ನು ಕಲ್ಲಿಗೆ ಒರಗಿಸಿ, ವಯರು ಸಿಕ್ಕಿಸಿ, ಕ್ಯಾಸೆಟ್ ಹಾಕಿದೆ. ಹಕ್ಕಿ ಮತ್ತೆ ಮೇಲೇರಿತು. ರೆಕಾರ್ಡ್ ಒತ್ತಿದೆ. ಆಮೇಲೆ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಇಪ್ಪತ್ತು ವರ್ಷದ ಅಭ್ಯಾಸ. ಕೈ ತಾನಾಗಿಯೇ ಹೋಗಿ ಮೈಕಿನ ಮೇಲೆ ಟಕ್ ಟಕ್ ಎಂದು ಬಡಿಯಿತು. ಬಾಯಿ ತಾನಾಗಿಯೇ ತೆರೆಯಿತು. "ಹಲೋ, ಹಲೋ, ಮೈಕ್ ಟೆಸ್ಟಿಂಗ್, ವನ್ ಟೂ ತ್ರೀ."

ಹಕ್ಕಿ ಬಿತ್ತು. ಹನ್ನೊಂದು ಕಾಟಿಗಳು ಒಟ್ಟಿಗೆ ಎದ್ದು, ಬೆಟ್ಟವನ್ನೇ ನಡುಗಿಸಿಕೊಂಡು ಆಚೆ ಕಣಿವೆಗೆ ಇಳಿದವು. ಎಲ್ಲಿಂದಲೋ ಒಂದು ಕಡವೆ ಢಾಂಕ್ ಎಂದು ಕೂಗಿತು. ಆಮೇಲೆ ಏನೂ ಇಲ್ಲ. ಜೇನಿನವನು ಗೋಣಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಅಧ್ಯಕ್ಷರು ವೇದಿಕೆಗೆ ಬರಬೇಕಂತ ಕರೆದುಬಿಡು" ಎಂದ.

ಮಾಸ್ಟ್ರು ಬೈದಿದ್ದರೆ ಒಳ್ಳೆಯದಿತ್ತು. ಅವರು ಬೈಯಲಿಲ್ಲ. "ನಾಳೆ ಉಂಟಲ್ಲ" ಎಂದು ನೋಟ್ ಬುಕ್ ಮುಚ್ಚಿದರು. ಆ ದಿನ ಪೂರ್ತಿ ಆ ಇಳಿಜಾರಿನಲ್ಲಿ ಒಂದು ಹಕ್ಕಿಯೂ ಹಾರಲಿಲ್ಲ. ಸಂಜೆ ಮೋಡ ಸ್ವಲ್ಪ ಸರಿದಾಗ ಪಶ್ಚಿಮಕ್ಕೆ ಕಡಲು ಬೆಳ್ಳಿಯ ಗೆರೆಯಾಗಿ ಕಂಡಿತು. ಅದರ ಅಂಚಿನಲ್ಲಿ ಏನೋ ಮಿಣುಕಿ ಆರಿತು. ಕಾಪುವಿನ ದೀಪಸ್ತಂಭವೋ, ಊರಿನ ಆಸೆಗೆ ನನ್ನ ಕಣ್ಣು ಕಟ್ಟಿಕೊಂಡದ್ದೋ ಗೊತ್ತಾಗಲಿಲ್ಲ.

*

ಮೂರನೆಯ ದಿನ ನನ್ನ ಬಾಯಿಗೆ ನಾನೇ ಹೆಗಲ ಮೇಲಿನ ಬೈರಾಸು ಕಟ್ಟಿಕೊಂಡೆ. ತಮಾಷೆಗಲ್ಲ. ಹಾರ್ನಿನ ಹೊಳಪು ಹಕ್ಕಿಗೆ ಕಾಣದ ಹಾಗೆ ಒದ್ದೆ ಗೋಣಿ ಸುತ್ತಿದೆ. ಗಾಳಿಯ ಸದ್ದು ಬೀಳದ ಹಾಗೆ ಅದರ ಬಾಯಿಗೆ ತೆಳ್ಳಗಿನ ಹತ್ತಿಯ ಪಂಚೆ ಬಿಗಿದೆ. ಉದ್ದದ ವಯರು ಎಳೆದು, ಹಾರ್ನನ್ನು ಹಕ್ಕಿ ಬೀಳುವ ಜಾಗಕ್ಕೆ ಹತ್ತಿರ ನಿಲ್ಲಿಸಿ, ನಾವು ದೂರದ ಬಂಡೆಯ ಹಿಂದೆ ಮಲಗಿದೆವು. ಗಾಳಿ ಎದ್ದರೆ ಮೀಟರಿನ ಮುಳ್ಳು ಕೆಂಪಿಗೆ ಹೋಗಿ ಬಡಿಯುತ್ತಿತ್ತು. ಆಗ ನಿಲ್ಲಿಸಬೇಕು, ಗಾಳಿ ಬಿದ್ದ ಮೇಲೆ ಮತ್ತೆ ಶುರು ಮಾಡಬೇಕು. ಹೀಗೆ ಮೂರು ಗಂಟೆ ಹೋಯಿತು. ಮೊದಲಿನ ಆರು ಸೆಲ್ ಸುಸ್ತಾದವು. ಹೊಸ ಆರು ಹಾಕಿದೆ.

ಹನ್ನೊಂದರ ಹೊತ್ತಿಗೆ ಎಲ್ಲವೂ ಒಮ್ಮೆಗೆ ನಿಂತಿತು. ಗಾಳಿ ಇಲ್ಲ, ಮಂಜು ಇಲ್ಲ, ಹುಲ್ಲಿನ ತುದಿ ಅಲುಗುವುದಿಲ್ಲ. ಹಕ್ಕಿ ಮೇಲೆ ಬಂತು. ಒಮ್ಮೆ ಅಲ್ಲ, ಆರು ಸಲ ಹಾರಿ ಹಾಡಿತು. ಮುಳ್ಳು ನನಗೆ ಬೇಕಾದ ಜಾಗದಲ್ಲೇ ಕುಣಿಯುತ್ತಿತ್ತು. ಉಸಿರು ಹಿಡಿದು ಏಳು ನಿಮಿಷ ಕೂತೆ. ನನ್ನ ಕೆಲಸದ ಬದುಕಿನಲ್ಲಿ ಅಷ್ಟು ಶುದ್ಧವಾದ ರೆಕಾರ್ಡಿಂಗ್ ಅದಕ್ಕೆ ಮೊದಲೂ ಮಾಡಿಲ್ಲ, ಆಮೇಲೂ ಇಲ್ಲ. ಮುಗಿದ ಕೂಡಲೇ ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ತುಂಡುಗಳನ್ನು ಮುರಿದೆ, ಇನ್ನು ಅದರ ಮೇಲೆ ಯಾರೂ ಬೇರೆ ರೆಕಾರ್ಡ್ ಮಾಡದ ಹಾಗೆ.

ಹೆಡ್‌ಫೋನನ್ನು ಮಾಸ್ಟ್ರ ಕಿವಿಗೆ ನಾನೇ ಹಾಕಿದೆ. ವಾಲ್ಯೂಮನ್ನು ಅರ್ಧಕ್ಕೆ ಇಟ್ಟೆ, ಮುಕ್ಕಾಲಿಗೆ, ಕೊನೆಗೆ ಪೂರ್ತಿ. ಹೆಡ್‌ಫೋನಿನ ಹೊರಗೆ ಕೂತ ನನಗೂ ಹಕ್ಕಿ ಕೇಳುತ್ತಿತ್ತು. ಅವರು ಕಣ್ಣು ಮುಚ್ಚಿ ಕೊನೆಯವರೆಗೂ ಕೂತು, ನಿಧಾನವಾಗಿ ಹೆಡ್‌ಫೋನ್ ತೆಗೆದರು.

"ಬಹಳ ಚೆನ್ನಾಗಿ ಉಂಟು" ಎಂದರು. "ಒಳ್ಳೆ ಕೆಲಸ ಮಾಡಿದಿ."

ನನಗೆ ಜೀವ ಬಂದ ಹಾಗಾಯಿತು. ಆದರೆ ಅವರ ಬೆರಳುಗಳು ಸುಮ್ಮನಿದ್ದವು. ನಿನ್ನೆ ಬೆಳಿಗ್ಗೆ ಶಿಳ್ಳೆಯ ಹಕ್ಕಿಗೆ ಆಡಿದ ಬೆರಳುಗಳು ಈಗ ಮೊಣಕಾಲಿನ ಮೇಲೆ ಸತ್ತ ಹಾಗೆ ಬಿದ್ದಿದ್ದವು. ನಾನು ಅದನ್ನೇ ನೋಡುತ್ತಿರುವುದು ಅವರಿಗೆ ತಿಳಿಯಿತು.

"ದೂರದ ಕಣಿವೆಯ ಗಾಳಿ ಕೇಳಿತು" ಎಂದರು. "ಇವನು ಕೆಮ್ಮಿದ್ದು ಕೇಳಿತು. ನೀನು ಮೂಗು ಎಳೆದದ್ದು ಕೇಳಿತು. ಅದು ಒಂದು ಕೇಳಲಿಲ್ಲ. ಸುಳ್ಳು ಹೇಳಿದೆ ಮಾರಾಯ, ಬೇಜಾರು ಮಾಡಬೇಡ."

ನಾನು ಆಚೆ ತಿರುಗಿ ಹುಲ್ಲು ಕಿತ್ತೆ. ಸುಮ್ಮನೆ ಕಿತ್ತೆ. ಅಷ್ಟು ವರ್ಷ ಸೌಂಡ್ ಜಾಸ್ತಿ ಮಾಡುವುದನ್ನೇ ದೊಡ್ಡ ವಿದ್ಯೆ ಎಂದುಕೊಂಡಿದ್ದೆನಲ್ಲ. ಇದ್ದ ಒಂದೇ ವಿದ್ಯೆ ಕೈಕೊಟ್ಟಿತ್ತು.

ನಾಳೆ ಮಧ್ಯಾಹ್ನದೊಳಗೆ ಸಿಡಿಲು ಮಳೆ ಬರುತ್ತದೆ, ಇವತ್ತೇ ಕಾಡಿಗೆ ಇಳಿಯುವ ಎಂದು ಜೇನಿನವನು ಹೇಳಿದ. ನಾನು ಹಟ ಹಿಡಿದೆ. ಇನ್ನೊಂದು ಬೆಳಿಗ್ಗೆ ಇರುವ, ಹಾರ್ನನ್ನು ಹಕ್ಕಿಯ ಬುಡಕ್ಕೇ ಇಡುವ, ಇದರ ಎರಡು ಪಾಲು ಸೌಂಡ್ ಸಿಗುತ್ತದೆ ಎಂದೆ. ಸತ್ಯವಾಗಿ ಹೇಳುವುದಾದರೆ ನನಗೂ ನಂಬಿಕೆ ಇರಲಿಲ್ಲ. ಬರಿಗೈಯಲ್ಲಿ ಮಾಸ್ಟ್ರನ್ನು ಇಳಿಸಿಕೊಂಡು ಹೋಗಲು ಮನಸ್ಸು ಒಪ್ಪಲಿಲ್ಲ, ಅಷ್ಟೇ. ಮಾಸ್ಟ್ರು ಹೂಂ ಎಂದರು.

ಸಂಜೆಯೇ ಎಲ್ಲ ಜೋಡಿಸಿಟ್ಟೆ. ಹಕ್ಕಿ ದಿನಕ್ಕೆ ಹತ್ತು ಸಲ ಬೀಳುವ ಪೊದೆಯ ಪಕ್ಕದಲ್ಲಿ ಹಾರ್ನ್, ಬಂಡೆಯ ಮರೆಯಲ್ಲಿ ರೆಕಾರ್ಡರ್, ಅದರಲ್ಲಿ ಎರಡನೆಯ ಕ್ಯಾಸೆಟ್. ಬೆಳಿಗ್ಗೆ ಒಂದು ಗುಂಡಿ ಬಿಟ್ಟರೆ ಶುರುವಾಗುವ ಹಾಗೆ ರೆಕಾರ್ಡ್ ಗುಂಡಿಯನ್ನೂ ತಡೆದು ನಿಲ್ಲಿಸುವ ಪಾಸ್ ಗುಂಡಿಯನ್ನೂ ಒತ್ತಿ ಇಟ್ಟೆ. ನಮ್ಮ ಕಸುಬಿನಲ್ಲಿ ಇದೊಂದು ಕಟ್ಟುಪಾಡು. ಕಾರ್ಯಕ್ರಮದ ಜಾಗದಲ್ಲಿ ಒಮ್ಮೆ ಸೆಟ್ ಚಾಲೂ ಮಾಡಿದರೆ ಮಂಗಳ ಆಗುವವರೆಗೆ ಆಫ್ ಮಾಡುವುದಿಲ್ಲ. ಆಫ್ ಮಾಡಿದ ಸೆಟ್ಟು ಬೇಕಾದಾಗ ಕೈಕೊಡುತ್ತದೆ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ಗೋಡೆಯ ಕರೆಂಟಿಗೆ ಆ ಮಾತು ಸರಿ. ಆರು ಸೆಲ್ಲಿಗೆ ಅಲ್ಲ. ಅದು ನನಗೆ ಹೊಳೆಯಲೇ ಇಲ್ಲ.

*

ನಾಲ್ಕನೆಯ ದಿನ ಬೆಳಿಗ್ಗೆ ಹಕ್ಕಿ ಹಾರ್ನಿನ ನೆತ್ತಿಯ ಮೇಲೇ ಬಂದು ಹಾಡಿತು. ಗುಂಡಿ ಬಿಟ್ಟೆ. ಮೀಟರಿನ ದೀಪ ಬೂದಿ ಮುಚ್ಚಿದ ಕೆಂಡದ ಹಾಗೆ ಒಮ್ಮೆ ಕೆಂಪಾಗಿ ಮಂಕಾಯಿತು. ಮುಳ್ಳು ಏಳಲಿಲ್ಲ. ಚಕ್ರ ಅರ್ಧ ಸುತ್ತು ತಿರುಗಿ ನಿಂತಿತು. ರಾತ್ರಿಯಿಡೀ ಮಿಷನ್ ಸುಮ್ಮನೆ ಸೆಲ್ ಕುಡಿದುಬಿಟ್ಟಿತ್ತು.

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಹಕ್ಕಿ ಹಾಡುತ್ತಲೇ ಇತ್ತು, ಬೇಕೆಂದೇ ಚುಡಾಯಿಸುವ ಹಾಗೆ. ದೂರದಲ್ಲಿ ಗುಡುಗು ಉರುಳಿತು. "ಹೊರಡುವ" ಎಂದ ಜೇನಿನವನು. "ಆ ತಗಡನ್ನು ಮುಟ್ಟಬೇಡ. ಸಿಡಿಲಿಗೆ ಅದುವೇ ಬೇಕಾದ್ದು. ಅಲ್ಲೇ ಬಿಟ್ಟು ಬಾ." ಹಾರ್ನನ್ನು ಹುಲ್ಲಿನಲ್ಲೇ ಬಿಟ್ಟು, ರೆಕಾರ್ಡರನ್ನು ಮಾತ್ರ ಎದೆಗೆ ಅವಚಿಕೊಂಡು ಓಡಿದೆ. ಮೂವರೂ ಇಳಿಜಾರಿನ ಕೆಳಗೆ, ಕಾಡಿನ ಅಂಚಿನಲ್ಲಿದ್ದ ಒಂದು ಚಾಚು ಬಂಡೆಯ ಅಡಿ ಸೇರಿದೆವು. ಎರಡು ಹನಿ ಬಿದ್ದವು. ಮಳೆ ಇನ್ನೂ ಯೋಚಿಸುತ್ತಿತ್ತು.

ಹಿಂದಿನ ದಿನ ತೆಗೆದಿಟ್ಟ ಆರು ಸೆಲ್ಲನ್ನೂ ಈಗ ಸತ್ತ ಆರನ್ನೂ ಕಲ್ಲಿನ ಮೇಲೆ ಉಜ್ಜಿ ಬಿಸಿ ಮಾಡಿ, ಇದ್ದುದರಲ್ಲಿ ಜೀವವಿರುವ ಆರನ್ನು ಆರಿಸಿ ಹಾಕಿದೆ. ಕೆಲಸವಿಲ್ಲದ ಕೈಗೆ ಒಂದು ಕೆಲಸ.

"ನಿನ್ನೆಯದ್ದು ಇನ್ನೊಮ್ಮೆ ಹಾಕು" ಎಂದರು ಮಾಸ್ಟ್ರು.

"ಎಂತಕ್ಕೆ ಮಾಸ್ಟ್ರೇ, ಹೇಗೂ..."

"ಗಾಳಿಯಾದರೂ ಕೇಳುವ. ಬೆಟ್ಟದ ಗಾಳಿ. ಇನ್ನು ಹತ್ತಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ಕ್ಯಾಸೆಟ್ ಹಾಕಿ ಒತ್ತಿದೆ. ಚಕ್ರ ತಿರುಗಿತು, ಆದರೆ ಬಹಳ ನಿಧಾನ. ಹೆಡ್‌ಫೋನಿನ ಅಂಚಿನಿಂದ ಕೇಳಿಬಂದದ್ದು ಹಕ್ಕಿಯ ಸ್ವರವಲ್ಲ, ಎಳೆದೆಳೆದು ತೇಲುವ ಏನೋ. ಮದುವೆಯ ಮನೆಯಲ್ಲಿ ವೋಲ್ಟೇಜು ಬಿದ್ದಾಗ ಕ್ಯಾಸೆಟ್ಟಿನ ನಾಗಸ್ವರ ಹೀಗೇ ನರಳುತ್ತದೆ. ಸೆಟ್ಟಿನವನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಎಲ್ಲರೂ ತಿರುಗಿ ಅವನನ್ನೇ ನೋಡುತ್ತಾರೆ. ನಾನು ಗಡಿಬಿಡಿಯಲ್ಲಿ ನಿಲ್ಲಿಸಲು ಕೈ ಹಾಕಿದೆ.

ಮಾಸ್ಟ್ರು ನನ್ನ ಮಣಿಕಟ್ಟು ಹಿಡಿದರು. ಆ ಮುದಿ ಕೈಯಲ್ಲಿ ಅಷ್ಟು ಬಲವಿದೆ ಎಂದು ಗೊತ್ತಿರಲಿಲ್ಲ.

"ಮುಟ್ಟಬೇಡ."

ಅವರ ಇನ್ನೊಂದು ಕೈಯ ಬೆರಳುಗಳು ಆಡುತ್ತಿದ್ದವು. ಮೊಣಕಾಲಿನ ಮೇಲೆ ಒಂದು ಬೆರಳು ಮೇಲೆ ಹೋಗಿ, ಅಲ್ಲೇ ನಡುಗಿ, ಮೂರು ಮೆಟ್ಟಿಲು ಇಳಿದು ನಿಂತಿತು. ಮತ್ತೆ ಮೇಲೆ. ನಡುಗಿ. ಮೂರು ಮೆಟ್ಟಿಲು.

"ತಗ್ಗಿ ಬಂದಿದೆ" ಎಂದರು ಮಾಸ್ಟ್ರು. "ಮೇಲಿನ ಸ್ವರ ಕೆಳಗೆ ಇಳಿದು ಬಂದಿದೆ ಮಾರಾಯ, ನಾನಿರುವಲ್ಲಿಗೆ." ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

ಆಗ ನನ್ನ ದಪ್ಪ ತಲೆಗೆ ಹೊಳೆಯಿತು. ಟೇಪು ನಿಧಾನವಾದರೆ ಸ್ವರ ತಗ್ಗುತ್ತದೆ, ಇದು ಸೆಟ್ಟಿನ ಕೆಲಸ ಮಾಡುವವರಿಗೆಲ್ಲ ಗೊತ್ತು. ಗೊತ್ತಿದ್ದದ್ದನ್ನು ತಪ್ಪು ಎಂದು ಮಾತ್ರ ಗೊತ್ತು ಮಾಡಿಕೊಂಡಿದ್ದೆವು. ಸದ್ದು ನಿನ್ನೆಯ ಅರ್ಧದಷ್ಟೂ ಇರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಜಾಸ್ತಿ ಸದ್ದೇ ಅಲ್ಲ.

ಏಳು ನಿಮಿಷದ್ದು ಹತ್ತು ನಿಮಿಷಕ್ಕೂ ಹೆಚ್ಚು ನಡೆಯಿತು. ಮುಗಿದಾಗ ರಿವೈಂಡ್ ಒತ್ತಲಿಲ್ಲ. ಉಳಿದ ಒಂದು ಗುಟುಕು ಕರೆಂಟನ್ನು ಅದಕ್ಕೆ ಹಾಳು ಮಾಡಲು ನಾನು ತಯಾರಿರಲಿಲ್ಲ. ಕ್ಯಾಸೆಟ್ಟನ್ನು ಹೊರಗೆ ತೆಗೆದು, ಮಾಸ್ಟ್ರ ಪೆನ್ಸಿಲನ್ನು ಅದರ ಕಣ್ಣಿಗೆ ತೂರಿಸಿ, ಕೈಯಲ್ಲೇ ಗಿರಗಿರನೆ ಸುತ್ತಿದೆ. ಜೇನಿನವನು ಆಕಾಶ ನೋಡಿದ, ನಮ್ಮನ್ನು ನೋಡಿದ, ಗೋಣಿಯನ್ನು ಕೆಳಗಿಟ್ಟು ಬೀಡಿ ಹಚ್ಚಿದ. "ಇನ್ನೊಂದು ಸಲ ಹಾಕು" ಎಂದ. "ಮಳೆ ಬಂದರೆ ಒದ್ದೆಯಾಗುವ, ಎಂತ ಆಗ್ತದೆ?"

ಎರಡನೆಯ ಸಲ ಅರ್ಧ ದಾರಿಯಲ್ಲಿ ಮೇಲಿನ ಇಳಿಜಾರಿನಿಂದ ಹಕ್ಕಿ ಹಾರಿತು. ಮಾಸ್ಟ್ರು ಹೆಡ್‌ಫೋನ್ ಹಾಕಿಕೊಂಡೇ ತಲೆ ಎತ್ತಿ ನೋಡಿದರು. ಕಣ್ಣಿನಲ್ಲಿ ಹಕ್ಕಿ, ಕಿವಿಯಲ್ಲಿ ಹಕ್ಕಿ. ಚಕ್ರ ಇನ್ನೂ ನಿಧಾನವಾಗಿ, ಇನ್ನೂ ನಿಧಾನವಾಗಿ, ನಿಂತೇಬಿಟ್ಟಿತು. ಅವರು ತಲೆ ಆಡಿಸುತ್ತಲೇ ಇದ್ದರು. ಮಿಷನ್ ನಿಂತದ್ದನ್ನು ನಾನು ಹೇಳಲಿಲ್ಲ. ಆಮೇಲೆ ಮಳೆ ಬಂತು.

*

ಅಂಗಡಿಗೆ ಬಂದವನೇ ಬಾಗಿಲು ಅರ್ಧ ಎಳೆದು ರೆಕಾರ್ಡರ್ ಬಿಚ್ಚಿದೆ. ಮೋಟರಿನ ಹಿಂದೆ ಒಂದು ಸಣ್ಣ ತೂತು, ಅದರೊಳಗೆ ವೇಗ ಸರಿಮಾಡುವ ಸ್ಕ್ರೂ. ಒಮ್ಮೆ ಕೂರಿಸಿದ ಮೇಲೆ ಅದನ್ನು ಮುಟ್ಟಬಾರದು, ಮುಟ್ಟಿದರೆ ಮಿಷನ್ ಮತ್ತೆ ಕೆಲಸಕ್ಕೆ ಬಾರದು ಎನ್ನುತ್ತಾರೆ. ನನ್ನಲ್ಲಿದ್ದ ಒಳ್ಳೆಯ ರೆಕಾರ್ಡರ್ ಅದೊಂದೇ. ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ಕೇಳುವುದು, ಮತ್ತೆ ತಿರುಗಿಸುವುದು. ಹಕ್ಕಿಯ ಸ್ವರ ಬಂಡೆಯ ಅಡಿ ಕೇಳಿದಷ್ಟು ತಗ್ಗಿದ ಮೇಲೆ ಇನ್ನೊಂದು ಡೆಕ್ಕಿನಲ್ಲಿ ಅದನ್ನು ಹೊಸ ಕ್ಯಾಸೆಟ್ಟಿಗೆ ಇಳಿಸಿದೆ. ಎಲ್ಲ ಮಿಷನ್ನಿನಲ್ಲೂ ನಿಧಾನವಾಗಿಯೇ ನುಡಿಯುವ ಕ್ಯಾಸೆಟ್ ಅದು.

ಒಂದು ವಾರ ಬಿಟ್ಟು, ಧೋ ಎಂದು ಸುರಿಯುವ ಮಳೆಯಲ್ಲಿ ಕಾರ್ಕಳಕ್ಕೆ ಹೋಗಿ ಕೊಟ್ಟೆ. ಮಾಸ್ಟ್ರು ಕೂಡಲೇ ಹಾಕಿ ಕೇಳಿದರು. ಅಡುಗೆಮನೆಯಿಂದ ಅವರ ಹೆಂಡತಿ ಇಣುಕಿ, "ಎಂತ ಅದು, ಬಾವಿಯ ರಾಟೆ ಎಳೆದ ಹಾಗೆ?" ಎಂದು ಕೇಳಿ ಒಳಗೆ ಹೋದರು. ಪೂರ್ತಿ ಎರಡು ಸಲ ಕೇಳಿದ ಮೇಲೆ ಮಾಸ್ಟ್ರು ಎದ್ದು ಕಪಾಟಿನಿಂದ ಪಿಟೀಲು ತೆಗೆದರು. ತಂತಿ ಬಿಗಿದರು. ಕ್ಯಾಸೆಟ್ಟಿನ ಹಾಗೆಯೇ ತಗ್ಗಿನಲ್ಲಿ ಒಮ್ಮೆ ನುಡಿಸಿದರು. ಮೇಲೆ ಹೋಗಿ, ನಡುಗಿ, ಮೂರು ಮೆಟ್ಟಿಲು.

ಆಮೇಲೆ ಎಡಗೈಯನ್ನು ಸರಿಸಿ ಸರಿಸಿ ತಂತಿಯ ತುತ್ತತುದಿಗೆ ತಂದರು. ಇನ್ನು ಮುಂದೆ ಹೋಗಲು ಜಾಗವೇ ಇಲ್ಲದಲ್ಲಿ ಬೆರಳೂರಿ, ಕಮಾನನ್ನು ತುಸುವೇ ತಾಗಿಸಿ, ಅದೇ ಹಾಡನ್ನು ವೇಗವಾಗಿ ನುಡಿಸಿದರು. ಸೂಜಿಯಷ್ಟು ಸಪೂರ ಸ್ವರ ಆ ಮಳೆಯ ಸದ್ದನ್ನು ತೂರಿಕೊಂಡು ಬಂತು. ನನಗೆ ಒದ್ದೆ ಗೋಣಿಯ ವಾಸನೆ ಬಂದ ಹಾಗಾಯಿತು, ಹುಲ್ಲಿನ ತುದಿ ನಿಂತದ್ದು ಕಂಡ ಹಾಗಾಯಿತು.

ಮಾಸ್ಟ್ರಿಗೆ ಅದು ಕೇಳುತ್ತಿರಲಿಲ್ಲ. ಅವರು ನುಡಿಸುತ್ತ ನನ್ನ ಮುಖವನ್ನೇ ನೋಡುತ್ತಿದ್ದರು.

"ಸರಿ ಉಂಟಾ?"

"ಸರಿ ಉಂಟು ಮಾಸ್ಟ್ರೇ" ಎಂದೆ. "ಅದೇ."

ನಾನು ಸುಳ್ಳು ಹೇಳಲಿಲ್ಲ.